ಎರ್ನಾಳ ತಂಗಿಯ ಮಗ

ಬಟ್ಟೆ ಬಿಚ್ಚಿದ ಮನುಷ್ಯ ಸುಳ್ಳು ಹೇಳುವುದಿಲ್ಲ ಎಂದು ರೂಯಿಯೆನಾ ಊರಿನ ಹಿರಿಯರು ನಂಬಿದ್ದರು. ಅದಕ್ಕೇ ಆ ಊರಿನ ಮುಖ್ಯವಾದ ಮಾತುಕತೆಗಳೆಲ್ಲ ಶನಿವಾರ ಉಗಿಸ್ನಾನದ ಮನೆಯಲ್ಲೇ ನಡೆಯುತ್ತಿದ್ದವು. ಆದರೆ ಬಟ್ಟೆ ಬಿಚ್ಚಿದ ಮನುಷ್ಯ ಜಂಬ ಕೊಚ್ಚುವುದಿಲ್ಲ ಎಂದು ಯಾವ ಹಿರಿಯರೂ ಹೇಳಿರಲಿಲ್ಲ. ಹಿರಿಯರು ಬಿಟ್ಟುಹೋದ ಆ ಸಣ್ಣ ಸಂಗತಿಯ ಫಲವನ್ನು ಇಂದುಲಿಸ್ ಕ್ರೌಕ್ಲಿಸ್ ಉಣ್ಣಬೇಕಾಯಿತು.

ಇಂದುಲಿಸ್ ಊರಿನ ಸಾಂಸ್ಕೃತಿಕ ಭವನದಲ್ಲಿ, ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರಿಗೆ ಸೌದೆ ಹಾಕುವ ಕೆಲಸದಲ್ಲಿದ್ದ. ಮೇಲಿನ ಸಭಾಂಗಣದ ಭಾಷಣಗಳೆಲ್ಲ ಕೊಳವೆಯ ಮೂಲಕ ಇಳಿದು ಬಂದು ಅವನ ಕಿವಿಗೆ ಬೀಳುತ್ತಿದ್ದುದರಿಂದ, ಪ್ರಪಂಚಜ್ಞಾನಕ್ಕೆ ತನಗೇನೂ ಕೊರತೆಯಿಲ್ಲ ಎಂದು ಅವನು ತಿಳಿದಿದ್ದ. ಆ ಶನಿವಾರ ಅವನ ಭಾವಮೈದ ಜಿಗುರ್ಡ್ಸ್, ಉಗಿಸ್ನಾನದ ವಾಡಿಕೆಯಂತೆ ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ಬೆನ್ನಿಗೆ ಬಡಿದುಕೊಳ್ಳುತ್ತ, ತಾನು ರಾಜಧಾನಿ ರೀಗಾಗೆ ಹೋಗಿ ಹೋಟೆಲಿನಲ್ಲಿ ಇಳಿದುಕೊಂಡಿದ್ದ ಕಥೆ ತೆಗೆದ.

"ಲಿಫ್ಟು ಭಾವ, ಲಿಫ್ಟು! ಲಿಫ್ಟೊಳಗೆ ಆಳೆತ್ತರದ ಕನ್ನಡಿ! ನಿನ್ನಂಥೋನು ಅಲ್ಲಿ ಒಂದಿನ ಇದ್ರೆ ಪ್ಯಾಂಟ್ ಮಾರ್ಕೊಂಡು ಬರ್ಬೇಕಾಗುತ್ತೆ."

"ನಿನ್ನ ಮುಖ ನೋಡ್ಕೊಳ್ಳೋಕ್ಕೆ ರೀಗಾವರೆಗೂ ಹೋಗಿದ್ಯೇನೋ? ನಮ್ಮ ಹಿತ್ತಲ ಬಕೆಟ್ಟಲ್ಲೇ ಕಾಣ್ಸುತ್ತಲ್ಲ," ಎಂದ ಇಂದುಲಿಸ್. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. "ನಾನು ಮೂರು ದಿನ ಹೋಗ್ತೀನಿ. ಒಂದು ಚೀಲ ರೊಟ್ಟಿ, ಒಂದು ಟ್ರಾಮ್ ಟಿಕೆಟ್ಟು, ಅಷ್ಟೇ. ಇಡೀ ರೀಗಾ ನೋಡ್ಕೊಂಡು ಬಂದು ನಿನಗೆ ಪಾಠ ಹೇಳಿಲ್ಲಾಂದ್ರೆ ಕೇಳು."

ಮರುದಿನ ಬೆಳಗಾಗುವ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿ, ಹಾಲಿನಂಗಡಿಯವಳು ದಾರಿಗೆ ಛತ್ರಿ ಇಟ್ಟುಕೊಂಡಿದ್ದೀಯಾ ಎಂದು ಕೇಳಿದಳು. ಚರ್ಚಿನ ಹಾಡುಗಾರ್ತಿಯರು, ಅಲ್ಲಿಯ ದೊಡ್ಡ ಚರ್ಚಿನ ಆರ್ಗನ್ ವಾದ್ಯ ಕೇಳಿ ಬಂದು ಹೇಗಿದೆ ಅಂತ ಹೇಳಿ ಎಂದರು. ಇನ್ನು ಹೋಗದೆ ಉಳಿಯುವ ಹಾಗಿರಲಿಲ್ಲ. ಹೆಂಡತಿ ಮೈಗಾ ಕಪ್ಪು ರೊಟ್ಟಿ, ಹೊಗೆ ಕೊಟ್ಟ ಹಂದಿಕೊಬ್ಬು, ಬೇಯಿಸಿದ ಮೊಟ್ಟೆ ಎಲ್ಲ ಕಟ್ಟಿಕೊಟ್ಟಳು. ತಂಗಲು ತನ್ನ ಚಿಕ್ಕಮ್ಮನ ಮಗಳು ಸ್ಕೈದ್ರಿತೆಯ ಮನೆಯನ್ನು ಗೊತ್ತು ಮಾಡಿದಳು. ಆ ಮನೆಯಲ್ಲಿ ಇದ್ದದ್ದು ಒಂದೇ ಕೋಣೆ. ಆದ್ದರಿಂದ ಅತಿಥಿಗೆ ಅಡುಗೆಮನೆಯಲ್ಲಿ ಫ್ರಿಜ್ಜಿಗೂ ಒಲೆಗೂ ನಡುವೆ ಮಡಿಸುವ ಮಂಚ.

"ಕತ್ತೆತ್ಕೊಂಡು ನಡೀಬೇಡ, ಬೀಳ್ತೀಯ. ಕತ್ತು ಬಗ್ಗಿಸ್ಕೊಂಡೂ ನಡೀಬೇಡ, ಏನೂ ಕಾಣ್ಸಲ್ಲ," ಎಂದು ಮೈಗಾ ಬಸ್ಸಿನ ಕಿಟಕಿಯಲ್ಲಿ ಹೇಳಿದಳು. ಇಂದುಲಿಸ್ ಇದನ್ನು ಗಂಭೀರವಾಗಿ ಮನಸ್ಸಿನಲ್ಲಿಟ್ಟುಕೊಂಡ.

ಶುಕ್ರವಾರ ಬೆಳಿಗ್ಗೆ ಅವನು ಸಂತ ಪೀಟರನ ಚರ್ಚಿನ ಬುಡದಲ್ಲಿ ನಿಂತಿದ್ದ. ಶಿಖರ ಹತ್ತಲು ಟಿಕೆಟ್ಟಿನ ಬೆಲೆ ಎಷ್ಟೆಂದು ಗಾಜಿನ ಮೇಲೆ ಬರೆದಿತ್ತು. ಅದನ್ನು ಓದಿದ ಮೇಲೆ ಅವನಿಗೆ ಒಂದು ತತ್ವ ಹೊಳೆಯಿತು. ಶಿಖರದ ಮೇಲೆ ಹತ್ತಿ ನಿಂತವನಿಗೆ ಊರೆಲ್ಲ ಕಾಣುತ್ತದೆ, ಶಿಖರವೊಂದೇ ಕಾಣುವುದಿಲ್ಲ. ಕೆಳಗೆ ನಿಂತವನಿಗೆ ಪೂರ್ತಿ ಶಿಖರ ಕಾಣುತ್ತದೆ. ಬಂದದ್ದು ಶಿಖರ ನೋಡಲು. ಆದ್ದರಿಂದ ಹತ್ತುವವರೇ ಮೋಸಹೋಗುವವರು. ಇದೇ ತತ್ವದ ಬಲದಿಂದ ಅವನು ವಸ್ತುಸಂಗ್ರಹಾಲಯವನ್ನೂ, ಹಳೆಯ ವರ್ತಕರ ಕೆಂಪು ಮಹಲನ್ನೂ, ಆರ್ಗನ್ ಇದ್ದ ದೊಡ್ಡ ಚರ್ಚನ್ನೂ ಹೊರಗಿನಿಂದಲೇ ನೋಡಿ ಮುಗಿಸಿದ. ಮಧ್ಯಾಹ್ನಕ್ಕೆ ಮುಂಚೆಯೇ ರೀಗಾ ಖಾಲಿಯಾಯಿತು.

ಈಗ ಕಾಲು ನೋಯುತ್ತಿತ್ತು. ಚೌಕದಲ್ಲಿ ಕೂರೋಣವೆಂದರೆ ಪ್ರತಿ ಕುರ್ಚಿಯ ಹಿಂದೆಯೂ ಒಬ್ಬ ಕಾಫಿ ಮಾರುವವನಿದ್ದ. ಪುಕ್ಕಟೆ ಕೂರುವ ಜಾಗವೆಂದರೆ ಟ್ರಾಮ್ ಒಂದೇ, ಅದರ ಮೂರು ದಿನದ ಟಿಕೆಟ್ಟು ಆಗಲೇ ಕೊಂಡದ್ದಾಗಿತ್ತು. ಹತ್ತಿ ಕೂತ. ಊರಾಚೆಯ ಪೈನ್ ಮರಗಳ ನಡುವೆ ಟ್ರಾಮ್ ನಿಂತಾಗ ಒಳಗಿದ್ದವರೆಲ್ಲ ಹೂವು, ನೀರಿನ ಕ್ಯಾನು ಹಿಡಿದುಕೊಂಡು ಇಳಿದರು. ಜನ ಹೋಗುವ ಕಡೆ ನೋಡುವುದೇನೋ ಇದ್ದೇ ಇರುತ್ತದೆ ಎಂದು ಅವನೂ ಹಿಂದೆ ಹೋದ. ಅದು ಸ್ಮಶಾನ.

ನೆರಳಿತ್ತು, ತಂಪಿತ್ತು, ಪ್ರತಿ ಸಮಾಧಿಯ ಪಕ್ಕ ಒಂದೊಂದು ಬೆಂಚಿತ್ತು, ಟಿಕೆಟ್ಟಿರಲಿಲ್ಲ. ಆದರೂ ಇಂದುಲಿಸ್ ಮರ್ಯಾದಸ್ಥ. ಯಾರದೋ ಅಚ್ಚುಕಟ್ಟಾದ ಸಮಾಧಿಯ ಪಕ್ಕ ಕೂತು ಮೊಟ್ಟೆ ಸುಲಿಯಬಾರದು ಎಂದು, ಹುಡುಕಿ ಹುಡುಕಿ, ಹೂವಿಲ್ಲದ, ಪೈನಿನ ಒಣ ಸೂಜಿಯೆಲೆ ತುಂಬಿದ, ಯಾರೂ ಬಾರದ ಒಂದು ಸಮಾಧಿಯನ್ನು ಆರಿಸಿಕೊಂಡ. ಹಸಿರು ಪಾಚಿ ಹತ್ತಿದ ಕಲ್ಲಿನ ಮೇಲೆ ಎರ್ನಾ ವಾನಗಾ ಎಂಬ ಹೆಸರಿತ್ತು. ಅವನು ಆ ಕಲ್ಲಿಗೆ ಟೋಪಿ ತೆಗೆದು ನಮಸ್ಕರಿಸಿ, ಕೂತು, ಮೊದಲ ಮೊಟ್ಟೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ.

"ಬಂದ್ಯಾ! ಅಂತೂ ಬಂದ್ಯಲ್ಲಪ್ಪಾ ಮಹಾರಾಯ!"

ಪಕ್ಕದ ಸಮಾಧಿಯ ಹಿಂದಿನಿಂದ ಒಬ್ಬ ಮುದುಕಿ ಎದ್ದು ನಿಂತಿದ್ದಳು. ಕೈಯಲ್ಲಿ ಮರದ ಹಲ್ಲಿನ ಕುಂಟೆ, ತಲೆಗೆ ಬಿಳಿ ವಸ್ತ್ರ, ಆಳಿಗಿಂತ ದೊಡ್ಡ ದನಿ. ಅವಳ ಹೆಸರು ಹೆರ್ಮಿನೆ.

"ನೀನು ಎರ್ನಾಳ ತಂಗಿ ಮಗ ತಾನೇ?"

ಗಂಟಲಲ್ಲಿ ಮೊಟ್ಟೆ ಸಿಕ್ಕಿಕೊಂಡವನು ಅದನ್ನು ಇಳಿಸಲು ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಾನೆ. ಇದು ದೇಹಧರ್ಮ. ಲೋಕ ಇದನ್ನು ಒಪ್ಪಿಗೆ ಎಂದು ಕರೆಯುತ್ತದೆ.

"ಆರ್ವಿಡ್ಸ್! ಬಾರಯ್ಯ ಇಲ್ಲಿ! ಎರ್ನಾಳ ತಂಗಿ ಮಗ ಬಂದಿದ್ದಾನೆ, ಕಣ್ತುಂಬ ನೋಡ್ಕೋ!"

ಎದುರು ಸಾಲಿನಲ್ಲಿ ಹೆಂಡತಿಯ ಸಮಾಧಿಗೆ ನೀರು ಹಾಕುತ್ತಿದ್ದ ಹಳೆಯ ಟ್ರಾಮ್ ಚಾಲಕ ಆರ್ವಿಡ್ಸ್ ನಿಧಾನವಾಗಿ ಬಂದು, ಇಂದುಲಿಸನನ್ನೂ ಮೊಟ್ಟೆಯ ಸಿಪ್ಪೆಯನ್ನೂ ಒಂದೇ ಸಮ ನೋಡಿದ.

"ಇವನೇನಾ? ಹೊಟ್ಟೆಗೆ ಹಾಕ್ಕೊಳ್ಳೋದು ಮರೆತಿಲ್ಲ, ದೊಡ್ಡಮ್ಮನ್ನ ಮರೆತುಬಿಟ್ಟ."

ಮೊಟ್ಟೆ ಇಳಿಯಿತು. ಈಗ ನಿಜ ಹೇಳಬಹುದಿತ್ತು. ಇಂದುಲಿಸ್ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ತೂಗಿದ. ಒಂದು ಕಡೆ, ದೊಡ್ಡಮ್ಮನ ಸಮಾಧಿಯನ್ನು ಹಾಳುಬಿಟ್ಟ ನಾಚಿಕೆಗೆಟ್ಟ ಮಗ. ಇನ್ನೊಂದು ಕಡೆ, ಯಾವುದೇ ಸಂಬಂಧವಿಲ್ಲದ ಹೆಂಗಸಿನ ಸಮಾಧಿಯ ಪಕ್ಕ ಕೂತು ಹಂದಿಕೊಬ್ಬು ತಿನ್ನಲು ರೂಯಿಯೆನಾದಿಂದ ಬಂದ ಗಂಡಸು. ಮೊದಲನೆಯವನಿಗೆ ಬೈಗುಳ ಸಿಗುತ್ತದೆ. ಎರಡನೆಯವನಿಗೆ ಏನು ಸಿಗುತ್ತದೆಯೋ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕಿಂತ ಬೈಗುಳವೇ ವಾಸಿ ಎಂದು ತಲೆತಗ್ಗಿಸಿದ.

ಹೆರ್ಮಿನೆ ಅವನ ಕೈಗೆ ನೀರಿನ ಕ್ಯಾನು ಹಿಡಿಸಿದಳು. ಆಮೇಲೆ ಸಮಾಧಿಯ ತುದಿಯಲ್ಲಿ ನೆಟ್ಟಿದ್ದ ಒಂದು ತಗಡಿನ ಫಲಕವನ್ನು ತೋರಿಸಿದಳು. ವಾರಸುದಾರರು ಕಚೇರಿಯಲ್ಲಿ ಕಾಣತಕ್ಕದ್ದು ಎಂದು ಅದರಲ್ಲಿತ್ತು.

"ಇದನ್ನ ನೆಟ್ಟೋನು ಮೇಲ್ವಿಚಾರಕ ಗ್ರಾವೀಟಿಸ್. ಕೆಟ್ಟೋನಲ್ಲ, ಕಾನೂನಿನೋನು. ಭಾನುವಾರ ಸಮಾಧಿ ಹಬ್ಬ. ಪಾದ್ರಿಗಳು ಬಂದಾಗ ಎಲ್ರೂ ಅವರವರ ಸಮಾಧಿ ಹತ್ರ ನಿಂತಿರ್ತಾರೆ. ಎರ್ನಾ ಹತ್ರ ಮನೆಯೋರು ಅಂತ ಯಾರೂ ನಿಲ್ದಿದ್ರೆ ಮುಗೀತು. ಸೋಮವಾರ ಕಲ್ಲು ಕೀಳ್ತಾನೆ, ಜಾಗ ಟೈಲ್ಸ್ ವ್ಯಾಪಾರಿ ಮನೆಯೋರಿಗೆ ಹೋಗುತ್ತೆ. ಅವರು ಆಗ್ಲೇ ಬಂದು ಅಳತೆ ತಗೊಂಡು ಹೋದ್ರು."

"ನೀವೇ ನೋಡ್ಕೋತೀನಿ ಅನ್ಬಹುದಿತ್ತಲ್ಲಮ್ಮಾ?"

"ಅಂದೆ. ನೆಂಟಸ್ತಿಕೆ ಏನು ಅಂದ. ಮೂವತ್ತು ವರ್ಷ ಇಬ್ರದ್ದೂ ಒಂದೇ ಅಡುಗೆಮನೆ, ಆಗಿನ ಕಾಲದಲ್ಲಿ ಸರ್ಕಾರ ಸಂಬಂಧ ಇಲ್ದೋರನ್ನೆಲ್ಲ ಒಂದೇ ಮನೇಲಿ ಹಾಗೆ ತುಂಬಿತ್ತು ಅಂದೆ. ಅದು ನೆಂಟಸ್ತಿಕೆ ಅಲ್ಲ, ಹೊರಗಿನೋರು ಕೈ ಹಚ್ಚೋ ಹಾಗಿಲ್ಲ ಅಂದ."

ಕೆಲಸ ಮಾಡುತ್ತ ಮಾಡುತ್ತ ಹೆರ್ಮಿನೆ ಎರ್ನಾಳ ಗುಣಗಾನ ಮಾಡಿದಳು. "ನಿನ್ನ ದೊಡ್ಡಮ್ಮ ಸಾಮಾನ್ಯದೋಳಲ್ಲ ಕಣೋ. ನಾನು ಆ ಕಡೆ ತಿರುಗಿದ್ರೆ ಸಾಕು, ನನ್ನ ಸಾರಿಗೆ ಉಪ್ಪು ಸುರೀತಿದ್ಲು. ನಾನೇನು ಕಮ್ಮಿ? ಅವಳ ಕೆಟ್ಲು ಕೆಳಗಿನ ಗ್ಯಾಸ್ ಆರಿಸಿಬಿಡ್ತಿದ್ದೆ. ಬಟ್ಟೆ ಒಣಗ್ಹಾಕೋ ಹಗ್ಗಕ್ಕೆ ನಾವು ಆಡಿದ ಜಗಳದಲ್ಲಿ ಕೆಳಗಿನ ಮನೆಯೋರು ಬೇರೆ ಬೀದಿಗೆ ಹೋದ್ರು." ಹೀಗೆ ಬೈಯುತ್ತಲೇ ಎರ್ನಾಳ ಹೆಸರಿನ ಅಕ್ಷರಗಳಲ್ಲಿದ್ದ ಪಾಚಿಯನ್ನು ಹೇರ್‌ಪಿನ್ನಿನಿಂದ ಒಂದೊಂದಾಗಿ ಕೆರೆಯುತ್ತಿದ್ದಳು.

ಆ ಸಂಜೆ ಸ್ಕೈದ್ರಿತೆ ಬಾಗಿಲಲ್ಲೇ ಕಾದಿದ್ದಳು. ಅಂಚೆಕಚೇರಿಯಲ್ಲಿ ದುಡಿದು ನಿವೃತ್ತಳಾದ ಆಕೆಗೆ ಬೇರೆಯವರ ವಿಷಯ ತಲುಪಿಸುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ.

"ಏನೇನು ನೋಡ್ದೆ?"

"ಸಂತ ಪೀಟರನ ಶಿಖರ."

"ಮೇಲೆ ಹತ್ತಿದ್ಯಾ?"

ಶಿಖರದ ತತ್ವವನ್ನು ವಿವರಿಸುವ ತ್ರಾಣ ಇಂದುಲಿಸನಿಗೆ ಇರಲಿಲ್ಲ. "ಹತ್ತಿದೆ," ಎಂದು ಷೂ ಬಿಚ್ಚಿದ. ಸ್ಮಶಾನದ ದಾರಿಯ ಒಂದು ಬೊಗಸೆ ಮರಳು ಅಡುಗೆಮನೆಯ ನೆಲಕ್ಕೆ ಸುರಿಯಿತು.

"ಶಿಖರದ ಮೇಲೆ ಮರಳು ಇದ್ಯಾ?"

"ಗಾಳಿ ಜೋರು," ಎಂದ ಇಂದುಲಿಸ್.

ಶನಿವಾರ ಎದ್ದಾಗ ಅವನ ನಿಶ್ಚಯ ಕಬ್ಬಿಣದಂತಿತ್ತು. ಸ್ಮಶಾನಕ್ಕೆ ಹೋಗುವುದು, ನಿಜ ಹೇಳುವುದು, ಕ್ಷಮೆ ಕೇಳುವುದು, ವಾಪಸು ಬಂದು ನದಿಯಾಚೆಯ ಗ್ರಂಥಾಲಯ ನೋಡುವುದು. ಆದರೆ ಅಲ್ಲಿ ಹೆರ್ಮಿನೆ ಒಂದು ಗಾಡಿ ಬಿಳಿ ಮರಳು ತರಿಸಿ, ಬೆಂಚಿನ ಮೇಲೆ ಅವನಿಗೆಂದು ಹಂದಿಮಾಂಸ ತುಂಬಿದ ಬಿಸಿ ಕಡುಬು ಇಟ್ಟು, ಬಟ್ಟೆ ಮುಚ್ಚಿ ಕಾಯುತ್ತಿದ್ದಳು. ಬಿಸಿ ಕಡುಬಿನ ಮುಂದೆ ನಿಜ ಹೇಳಿದವರು ಲೋಕದಲ್ಲಿ ಕಡಿಮೆ.

ಮರಳು ಹರಡಿದ ಮೇಲೆ ಅದನ್ನು ಕುಂಟೆಯಿಂದ ಬಾಚಬೇಕು. ಕಲ್ಲಿನ ಬುಡದಿಂದ ಶುರುಮಾಡಿ, ಗೆರೆ ಎಳೆಯುತ್ತ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತ, ತನ್ನ ಹೆಜ್ಜೆಯನ್ನು ತಾನೇ ಅಳಿಸುತ್ತ ದಾರಿಗೆ ಬರಬೇಕು. ಕೊನೆಯಲ್ಲಿ ಮನುಷ್ಯ ಬಂದುಹೋದ ಗುರುತೇ ಇರಬಾರದು. ಆ ನಾಡಿನ ಹೆಂಗಸರಿಗೆ ಇದು ಹುಟ್ಟಿನಿಂದ ಬಂದ ವಿದ್ಯೆ. ರೂಯಿಯೆನಾದಲ್ಲಿ ಈ ಕೆಲಸ ಮೈಗಾಳದ್ದು; ಇಂದುಲಿಸನ ಪಾಲಿಗೆ ಬಂದಿದ್ದದ್ದು ನೀರು ಹೊರುವುದು. ಅವನು ನಾಲ್ಕೂ ದಿಕ್ಕಿನಿಂದ ಬಾಚಿಕೊಂಡು ಬಂದ. ಬಾಚಿ ಮುಗಿದಾಗ ತಾನು ನಡುಮಧ್ಯೆ ನಿಂತಿದ್ದ.

"ನೋಡು ನಿನ್ನ ಹೆಜ್ಜೆನ! ಎರ್ನಾನೇ ಎದ್ದು ಓಡಾಡ್ದಂಗಿದೆ," ಎಂದಳು ಹೆರ್ಮಿನೆ.

ಮತ್ತೆ ಬಾಚಿದ. ಮತ್ತೆ ನಡುಮಧ್ಯೆ. ಮೂರನೆಯ ಸಲ ಹೊರಕ್ಕೆ ನೆಗೆಯಲು ಹೋಗಿ ಆರ್ವಿಡ್ಸನ ಹೆಂಡತಿಯ ಬಿಗೋನಿಯಾ ಗಿಡಗಳ ಮೇಲೆ ಬಿದ್ದ. ಆರ್ವಿಡ್ಸ್ ಟೋಪಿ ತೆಗೆದು ಹೆಂಡತಿಯ ಕ್ಷಮೆ ಕೇಳಿದ.

ಸಂಜೆ ವಾಪಸು ಬರುವ ದಾರಿಯಲ್ಲಿ, ಹಬ್ಬಕ್ಕೆ ಬರಿಗೈಲಿ ಹೋಗಬಾರದೆಂದು, ಅಂಗಡಿ ಮುಚ್ಚುತ್ತಿದ್ದ ಹೂವಿನವಳ ಹತ್ತಿರ ಚೌಕಾಸಿ ಮಾಡಿ ಆರು ಆಸ್ಟರ್ ಹೂವು ಕೊಂಡ. ಸತ್ತವರಿಗೆ ಜೋಡಿ ಲೆಕ್ಕದ ಹೂವು, ಬದುಕಿರುವವರಿಗೆ ಬೆಸ ಲೆಕ್ಕದ ಹೂವು. ಇದು ಅಲ್ಲಿ ಹಾಲುಹಸುಳೆಗೂ ಗೊತ್ತು. ಇಂದುಲಿಸನಿಗೂ ಗೊತ್ತಿತ್ತು. ಗೊತ್ತಿಲ್ಲದೇ ಹೋದದ್ದು, ಟ್ರಾಮಿನ ಬಾಗಿಲು ಮುಚ್ಚಿಕೊಂಡಾಗ ಆರರಲ್ಲಿ ಒಂದರ ಕತ್ತು ಮುರಿದು ರಸ್ತೆಗೆ ಬಿತ್ತು ಎಂಬುದು. ಉಳಿದವನ್ನು ಸ್ಕೈದ್ರಿತೆಯ ಬಕೆಟ್ಟಿನಲ್ಲಿಟ್ಟು, ಪ್ರಶ್ನೆ ಬಾರದಿರಲೆಂದು ಫ್ರಿಜ್ಜಿನ ಹಿಂದೆ ತಳ್ಳಿ ಮಲಗಿದ.

ಬೆಳಿಗ್ಗೆ ಹಾಲು ತೆಗೆಯಲು ಬಂದ ಸ್ಕೈದ್ರಿತೆ ಬಕೆಟ್ಟು ನೋಡಿದಳು. ಎಣಿಸಿದಳು. ಗೊರಕೆ ಹೊಡೆಯುತ್ತಿದ್ದ ನೆಂಟನನ್ನು ನೋಡಿ ಮತ್ತೊಮ್ಮೆ ಎಣಿಸಿದಳು. ಆಮೇಲೆ ಫೋನು ತೆಗೆದುಕೊಂಡು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಮೈಗಾಗೆ ಕರೆ ಮಾಡಿದಳು.

"ಮೈಗಾ, ನಿಂತಿದ್ರೆ ಕೂತ್ಕೋ."

"ಅಯ್ಯೋ ದೇವ್ರೇ. ಟ್ರಾಮ್ ಕೆಳಗೆ ಬಿದ್ನಾ?"

"ಬಿದ್ದಿದ್ರೆ ಮರ್ಯಾದೆ ಉಳೀತಿತ್ತು. ಎರಡು ದಿನದಿಂದ ಮರಳು ಮೆತ್ಕೊಂಡು ಬರ್ತಾನೆ, ಕೇಳಿದ್ರೆ ಶಿಖರ ಅಂತಾನೆ. ಈಗ ಫ್ರಿಜ್ ಹಿಂದೆ ಹೂವು ಬಚ್ಚಿಟ್ಟಿದ್ದಾನೆ. ಐದು."

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು.

"ಐದಾ? ಸರಿಯಾಗಿ ಎಣಿಸಿದ್ಯಾ?"

"ಅಂಚೆಕಚೇರೀಲಿ ಇದ್ದೋಳು ನಾನು!"

"ಮದುವೆಯಾದಾಗಿಂದ ನನಗೆ ಮೂರರ ಮೇಲೆ ತಂದಿಲ್ಲ ಅವನು!" ಎಂದಳು ಮೈಗಾ. "ಐದು ಅಂದ್ರೆ ಯಾರೋ ಭಾರಿ ಹೆಂಗಸೇ. ಮೊದಲನೇ ಬಸ್ಸಿಗೆ ಹೊರಟೆ. ನೀನು ಅವನ್ನ ಬಿಡ್ಬೇಡ, ಎಲ್ಲಿಗೆ ಹೋಗ್ತಾನೆ ನೋಡ್ಕೋ."

ಆ ಭಾನುವಾರ ಇಂದುಲಿಸ್ ತಲೆಗೆ ನೀರು ಹಚ್ಚಿ ಬಾಚಿಕೊಂಡ, ಷೂಗೆ ಪಾಲಿಶ್ ಹಾಕಿದ, ಕನ್ನಡಿಯ ಮುಂದೆ ನಿಂತು ನಿಟ್ಟುಸಿರು ಬಿಟ್ಟ. ಒಂದೊಂದನ್ನೂ ಸ್ಕೈದ್ರಿತೆ ಬಾಗಿಲ ಸಂದಿಯಿಂದ ನೋಡಿ ಪಾಪದ ಲೆಕ್ಕಕ್ಕೆ ಸೇರಿಸಿಕೊಂಡಳು. ಅವನು ಹತ್ತಿದ ಟ್ರಾಮಿನ ಹಿಂದಿನ ಡಬ್ಬಿಗೆ ತಾನೂ ಹತ್ತಿದಳು. ಅವನು ಸ್ಮಶಾನದ ಗೇಟಿನಲ್ಲಿ ಇಳಿದದ್ದು ನೋಡಿ ಆಕೆಗೆ ಮೈ ಜುಮ್ಮೆಂದಿತು. ಇಂಥ ಜಾಗದಲ್ಲಿ ಭೇಟಿ ಎಂದರೆ ಆ ಹೆಂಗಸು ಎಂಥವಳಿರಬೇಕು! ಅಲ್ಲಿಂದಲೇ ಮೈಗಾಗೆ ವಿಳಾಸ ತಿಳಿಸಿ, ಗೇಟಿನಲ್ಲಿ ಕಾವಲು ನಿಂತಳು.

ಸ್ಮಶಾನ ಜನರಿಂದ ತುಂಬಿತ್ತು. ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡು, ತಮ್ಮ ತಮ್ಮವರ ಪಕ್ಕ ನಿಂತು, ಪಕ್ಕದವರ ಹೂವಿನ ಮೇಲೆ ಒಂದು ಕಣ್ಣಿಟ್ಟಿದ್ದರು. ಪೈನ್ ಮರಗಳ ಕೆಳಗೆ ಕಹಳೆಯವರು ನಿಧಾನವಾದ ಒಂದು ಹಾಡು ನುಡಿಸುತ್ತಿದ್ದರು. ಇಂದುಲಿಸ್ ಹೂವು ಚಾಚಿದ ತಕ್ಷಣ ಹೆರ್ಮಿನೆಯ ಕಣ್ಣು ಕೆಂಪಾಯಿತು.

"ಐದಾ? ಸಮಾಧಿಗೆ ಬಂದ್ಯೋ ಮದುವೆಗೆ ಬಂದ್ಯೋ?"

ಅವಳು ಸರಕ್ಕನೆ ಒಂದು ಹೂವು ಕಿತ್ತು, ಎಲ್ಲಿಡುವುದೆಂದು ಅತ್ತಿತ್ತ ನೋಡಿ, ಅವನ ಕೋಟಿನ ತೂತಿಗೆ ಸಿಕ್ಕಿಸಿದಳು. ಉಳಿದ ನಾಲ್ಕನ್ನು ಎರ್ನಾಳ ಕಲ್ಲಿನ ಮುಂದೆ ಇಟ್ಟಳು. ಇಂದುಲಿಸ್ ಕೊನೆಯ ಸಲ ಮರಳು ಬಾಚಿದ. ಬಾಚಿ ನಡುಮಧ್ಯೆ ನಿಂತ. ಇನ್ನು ಹೊರಬರಲು ಹೊತ್ತಿರಲಿಲ್ಲ. ಪಾದ್ರಿಗಳು ಎರಡು ಸಾಲಿನಾಚೆ ಬಂದಿದ್ದರು, ಅವರ ಮುಂದೆ ಮೇಲ್ವಿಚಾರಕ ಗ್ರಾವೀಟಿಸ್ ಕಪ್ಪು ಕೋಟು ಹಾಕಿಕೊಂಡು ನಡೆದು ಬರುತ್ತಿದ್ದ.

"ನೀವು ಈ ಸಮಾಧಿ ವಾರಸುದಾರರಾ?" ಎಂದು ಅವನು ಕೇಳಿದ. ಅವನ ದನಿಯಲ್ಲಿ ಕೋಪವಿರಲಿಲ್ಲ, ಅದರಿಂದಲೇ ಇಂದುಲಿಸನಿಗೆ ಹೆಚ್ಚು ಹೆದರಿಕೆಯಾಯಿತು. "ತಂಗಿ ಮಗ ಅಂತ ಹೆರ್ಮಿನೆಯಮ್ಮ ಹೇಳಿದ್ರು, ಅದನ್ನ ನೀವೇ ಸ್ವಲ್ಪ ಎಲ್ರ ಮುಂದೆ ಹೇಳ್ಬಿಡಿ. ಬೇರೆಯೋರು ಜಾಗ ಕೇಳಿದ್ದಾರೆ, ನಾಳೆ ತಕರಾರು ಬರ್ಬಾರ್ದು."

ಈ ಸಲ ಬಾಯಲ್ಲಿ ಮೊಟ್ಟೆ ಇರಲಿಲ್ಲ. ಇಂದುಲಿಸ್ ಬದುಕಿನಲ್ಲಿ ಸಣ್ಣಪುಟ್ಟ ಸುಳ್ಳು ಹೇಳಿದವನೇ. ಆದರೆ ಪಾದ್ರಿಗಳ ಎದುರು, ಸತ್ತವಳ ಮೇಲೆಯೇ ನಿಂತುಕೊಂಡು ಹೇಳುವುದೆಂದರೆ ಬೇರೆಯೇ ಮಾತು. ಹೆರ್ಮಿನೆಯನ್ನು ನೋಡಿದ. ಎರಡು ದಿನ ಬಾಯಿ ಮುಚ್ಚದ ಮುದುಕಿ ಈಗ ನೀರಿನ ಕ್ಯಾನನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಸುಮ್ಮನೆ ನಿಂತಿದ್ದಳು. ಕ್ಯಾನಿನ ಒಳಗೆ ನೀರು ಅಲುಗುವ ಸದ್ದು ಕೇಳಿಸುತ್ತಿತ್ತು.

"ನಾನು..." ಎಂದ.

"ಇಂದುಲಿಸ್!"

ಸಾಲಿನ ತುದಿಯಿಂದ ಮೈಗಾ ಬರುತ್ತಿದ್ದಳು. ಹಿಂದೆ ಕೈಚೀಲ ಎದೆಗವಚಿಕೊಂಡು ಸ್ಕೈದ್ರಿತೆ. ಕಹಳೆಯವರು ನುಡಿಸುವುದನ್ನು ನಿಲ್ಲಿಸಿದರು. ಮೈಗಾ ಕಂಡದ್ದು ಇಷ್ಟು: ಹೇಳದೆ ಕೇಳದೆ ಮಾಯವಾಗುತ್ತಿದ್ದ ಗಂಡ, ತಲೆಗೆ ನೀರು ಹಚ್ಚಿ, ಷೂಗೆ ಹೊಳಪು ಹಾಕಿ, ಕೋಟಿಗೆ ಹೂವು ಸಿಕ್ಕಿಸಿಕೊಂಡು ಮದುಮಗನ ಹಾಗೆ ಜನರ ನಡುವೆ ನಿಂತಿದ್ದಾನೆ.

"ಎಲ್ಲಿ ಅವಳು?"

"ಯಾರು?"

"ಐದು ಹೂವಿನೋಳು!"

ಇಂದುಲಿಸನಿಗೆ ಪ್ರಶ್ನೆಯ ಒಳಗೇನಿದೆ ಎಂಬುದು ತಿಳಿಯಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವವನಾದ್ದರಿಂದ ತನ್ನ ಕಾಲಿನ ಕೆಳಗೆ ಕೈ ತೋರಿಸಿದ. "ಇಲ್ಲೇ."

ಮೈಗಾ ಕಲ್ಲನ್ನು ಓದಿದಳು. ಇನ್ನೊಮ್ಮೆ ಓದಿದಳು. ಸ್ಕೈದ್ರಿತೆಯೂ ಭುಜದ ಮೇಲಿಂದ ಬಗ್ಗಿ ಓದಿದಳು. ಗಂಡ ಕದ್ದು ಹೂವು ಕೊಟ್ಟ ಹೆಂಗಸು ಸತ್ತು ಬಹಳ ವರ್ಷವಾಗಿದೆ ಎಂದು ತಿಳಿದಾಗ ಹೆಂಡತಿ ಯಾವ ಮುಖ ಮಾಡಬೇಕು ಎಂಬುದಕ್ಕೆ ಪದ್ಧತಿಯಿಲ್ಲ. ಮೈಗಾಳ ಮುಖ ಯಾವುದನ್ನೂ ನಿಶ್ಚಯಿಸದೆ ನಿಂತಿತು.

"ತಾವು ಯಾರಮ್ಮಾ?" ಎಂದ ಗ್ರಾವೀಟಿಸ್.

"ಇವನ ಹೆಂಡ್ತಿ! ಇನ್ಯಾರು?"

"ಹಾಗಾದ್ರೆ ಎರ್ನಾ ವಾನಗಾ ಅವರು ನಿಮಗೂ ದೊಡ್ಡಮ್ಮ ಆಗ್ಬೇಕು. ಹೌದಾ?"

ಎಲ್ಲರ ಕಣ್ಣೂ ಮೈಗಾಳ ಮೇಲೆ. ಒಂದು ಮಾತು ಹೇಳಿದರೆ ಗಂಡನ ಮಾನವೂ ಎರ್ನಾಳ ಕಲ್ಲೂ ಒಟ್ಟಿಗೆ ಕಿತ್ತುಬರುತ್ತಿದ್ದವು. ಮೈಗಾ ಗಂಡನ ಮುಖ ನೋಡಿದಳು. ತಾನೇ ತೋಡಿದ ಗುಂಡಿಗೆ ತಾನೇ ಬಿದ್ದಾಗ ಅವನ ಮುಖ ಹೇಗಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಮುದುಕಿಯ ಮುಖ ನೋಡಿದಳು, ಅಲುಗುವ ಕ್ಯಾನನ್ನು ನೋಡಿದಳು. ಆಮೇಲೆ ಅವಳ ದೃಷ್ಟಿ ಮರಳಿನ ಮೇಲೆ ಬಿತ್ತು, ಅಲ್ಲೇ ನಿಂತಿತು.

"ಏನಿದು?"

"ಬಾಚಿದ್ದು," ಎಂದ ಇಂದುಲಿಸ್.

"ಇದು ಬಾಚಿದ್ದಾ? ಹಂದಿ ಹೊರಳಿದ ಹಾಗಿದೆ! ನಡುಮಧ್ಯೆ ಗೂಟದ ಹಾಗೆ ಬೇರೆ ನಿಂತಿದ್ದೀಯಲ್ಲ, ಇಳಿ ಕೆಳಗೆ! ನೋಡಿದ ಜನ ಏನಂತಾರೆ, ಈ ಮನೇಲಿ ಹೆಂಗಸರೇ ಇಲ್ವಾ ಅನ್ನಲ್ವಾ? ಪಾದ್ರಿಗಳು ಬರೋ ಹೊತ್ನಲ್ಲಿ ದೊಡ್ಡಮ್ಮನ್ನ ಹೀಗಾ ಇಡೋದು? ಕೊಡು ಇಲ್ಲಿ ಕುಂಟೆ!"

ಕುಂಟೆ ಕಿತ್ತುಕೊಂಡಳು. ಕಲ್ಲಿನ ಬುಡದಿಂದ ಶುರುಮಾಡಿ, ಎಡಕ್ಕೊಂದು ಬಲಕ್ಕೊಂದು ಓರೆ ಗೆರೆ ಎಳೆಯುತ್ತ, ಬೈಗುಳಕ್ಕೊಂದು ಹೆಜ್ಜೆಯಂತೆ ಹಿಂದಕ್ಕೆ ನಡೆದಳು. ಗಂಡನ ಹೆಜ್ಜೆ ಅಳಿಸಿತು, ಅವಳ ಹೆಜ್ಜೆ ಅಳಿಸಿತು. ದಾರಿಗೆ ಬಂದು ನಿಂತಾಗ ಎರ್ನಾಳ ಮೇಲೆ ಮೀನಿನ ಮೂಳೆಯಂಥ ಗೆರೆಗಳು ಬಿಟ್ಟರೆ ಬೇರೇನೂ ಇರಲಿಲ್ಲ. ಸಾಲಿನ ಹೆಂಗಸರೆಲ್ಲ ಒಮ್ಮೆಗೇ ತಲೆದೂಗಿದರು. ರಂಪ ನೋಡಲು ಬಂದಿದ್ದ ಸ್ಕೈದ್ರಿತೆಗೂ, "ತುದಿ ಸ್ವಲ್ಪ ಸೊಟ್ಟ," ಎನ್ನುವುದು ಬಿಟ್ಟರೆ ಬೇರೇನೂ ಹೇಳಲಾಗಲಿಲ್ಲ.

ಗ್ರಾವೀಟಿಸ್ ಬಗ್ಗಿ ತಗಡಿನ ಫಲಕವನ್ನು ಕಿತ್ತು ಕಂಕುಳಿಗೆ ಇಟ್ಟುಕೊಂಡ.

"ಇನ್ನೇನೂ ಕೇಳೋದು ಬೇಡ ಬಿಡಿ," ಎಂದ. "ಇಷ್ಟು ಹಕ್ಕಿನಿಂದ ಬೈಯೋರು ಮನೆಯೋರೇ ಆಗಿರ್ಬೇಕು."

ಪಾದ್ರಿಗಳು ಬಂದು ಎರ್ನಾ ವಾನಗಾ ಎಂದು ಹೆಸರು ಹಿಡಿದು ಪ್ರಾರ್ಥನೆ ಮಾಡಿದರು. ಹೆರ್ಮಿನೆ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಇಂದುಲಿಸನಿಗೂ ಯಾಕೋ ಅಳು ಬಂತು. ಅತ್ತರೆ ಹೆಂಡತಿಗೆ ಮತ್ತೆ ಅನುಮಾನ ಬಂದೀತೆಂದು ಹೆದರಿ ಕೆಮ್ಮಿದ.

ಜನ ಚದುರಿದರು. ಸ್ಕೈದ್ರಿತೆ ಇದನ್ನೆಲ್ಲ ಆದಷ್ಟು ಬೇಗ ಯಾರಿಗಾದರೂ ಹೇಳಬೇಕೆಂದು ಮುಂಚಿನ ಟ್ರಾಮಿಗೇ ಹೋದಳು. ಉಳಿದ ಮೂವರು ಎರ್ನಾಳ ಬೆಂಚಿನ ಮೇಲೆ ಕೂತರು. ಹೆರ್ಮಿನೆ ಕಡುಬು ಹಂಚಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು. ಇಂದುಲಿಸ್ ಗುಟುಕಿಗೆ ಮೊದಲೇ ಹೇಳಿಬಿಟ್ಟ.

"ಅಮ್ಮಾ, ನಾನು ಎರ್ನಾಮ್ಮನ ತಂಗಿ ಮಗ ಅಲ್ಲ. ಕಾಲು ನೋಯ್ತಿತ್ತು, ಇಲ್ಲಿ ಸುಮ್ನೆ ಕೂತು ಮೊಟ್ಟೆ ತಿಂತಿದ್ದೆ."

"ಗೊತ್ತು," ಎಂದಳು ಹೆರ್ಮಿನೆ.

"ಗೊತ್ತಾ? ಯಾವಾಗ ಗೊತ್ತಾಯ್ತು?"

"ನೋಡಿದ ತಕ್ಷಣ. ಎರ್ನಾಗೆ ತಂಗಿನೇ ಇರ್ಲಿಲ್ಲ."

ಮೈಗಾ ಕಾಫಿಯ ಲೋಟ ಕೆಳಗಿಟ್ಟಳು.

"ಅಕ್ಕನೂ ಇಲ್ಲ, ತಮ್ಮನೂ ಇಲ್ಲ. ಅನಾಥಾಲಯದಲ್ಲಿ ಬೆಳೆದೋಳು," ಎಂದಳು ಹೆರ್ಮಿನೆ. "ಆ ತಗಡು ನೆಟ್ಟಾಗಿಂದ ಕಾಯ್ತಿದ್ದೆ. ಈ ಬೆಂಚಿನ ಮೇಲೆ ಯಾರಾದ್ರೂ ಸರಿ, ಒಬ್ರು ಬಂದು ಕೂತ್ರೆ ಹಿಡ್ಕೋಬೇಕು ಅಂತ. ಎಲ್ಲ ಒಳ್ಳೊಳ್ಳೆ ಬೆಂಚು ಹುಡುಕ್ಕೊಂಡು ಹೋಗ್ತಿದ್ರು. ನೀನೊಬ್ಬನೇ ಕಣಪ್ಪ ಇಲ್ಲಿ ಕೂತಿದ್ದು."

"ಅಲ್ಲಮ್ಮಾ," ಎಂದಳು ಮೈಗಾ, "ಅಷ್ಟು ಬೇಕಾದೋಳಾ ಅವಳು ನಿಮಗೆ?"

"ಬೇಕಾದೋಳಾ! ಜನ್ಮಜನ್ಮದ ವೈರಿ! ನನ್ನ ಸಾರಿಗೆ ಉಪ್ಪು ಸುರೀತಿದ್ಲು!" ಹೆರ್ಮಿನೆ ಕಣ್ಣೊರೆಸಿಕೊಂಡಳು. ಆಮೇಲೆ ತನ್ನ ಗಂಡನ ಸಮಾಧಿಗೂ ಎರ್ನಾಳ ಸಮಾಧಿಗೂ ನಡುವೆ ಹುಲ್ಲು ಬೆಳೆದ ಕಿರಿದಾದ ಪಟ್ಟಿಯನ್ನು ತೋರಿಸಿದಳು. "ಅದು ನನ್ನ ಜಾಗ. ಈ ಕಡೆ ನಮ್ಮ ಯಜಮಾನ್ರು, ಬದುಕಿದ್ದಾಗ್ಲೇ ಬಾಯಿ ಬಿಡ್ತಿರ್ಲಿಲ್ಲ. ಆ ಕಡೆ ಟೈಲ್ಸ್ ವ್ಯಾಪಾರಿ ಮನೆಯೋರು ಬಂದು ಮಲಗಿದ್ರೆ ಅವರ ಹತ್ರ ನಾನೇನು ಮಾತಾಡ್ಲಿ? ನನ್ನ ಸಾರು ಹೇಗಿತ್ತು ಅಂತ ಅವರಿಗೆ ಗೊತ್ತಾ? ನನ್ನ ಮದುವೆ ಉಡುಪು ಸುಟ್ಟಿದ್ದು ಯಾರ ಇಸ್ತ್ರಿ ಪೆಟ್ಟಿಗೇಲಿ ಅಂತ ಗೊತ್ತಾ? ನಾನು ಹುಡುಗಿಯಾಗಿದ್ದಾಗ ಹೇಗಿದ್ದೆ ಅಂತ ತಿಳಿದೋರು ಇನ್ನು ಇವಳೊಬ್ಬಳೇ."

ಮೇಲೆ ಪೈನ್ ಮರಗಳು ಸ್ವಲ್ಪ ಹೊತ್ತು ಸದ್ದು ಮಾಡಿ ಸುಮ್ಮನಾದವು.

"ಮುಂದಿನ ಹಬ್ಬಕ್ಕೆ ನಾನು ಬೆಂಚಿನ ಮೇಲಿರಲ್ಲ," ಎಂದಳು ಹೆರ್ಮಿನೆ, ಅಂಗಡಿಗೆ ಹೋಗಿಬರುತ್ತೇನೆ ಎನ್ನುವವಳ ಹಾಗೆ. "ಡಾಕ್ಟ್ರು ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಅವನ ಮುಖ ನೋಡ್ದೆ, ಅಷ್ಟೇ."

ಮೈಗಾ ಮಡಿಲಲ್ಲಿದ್ದ ಕಡುಬಿನ ಪುಡಿಯನ್ನು ಬಹಳ ಹೊತ್ತು ಕೊಡವಿದಳು. ಆಮೇಲೆ ಮುದುಕಿಯ ಕಡೆ ನೋಡದೆಯೇ ಕೇಳಿದಳು.

"ನಿಮಗೆ ಯಾವ ಹೂವು ಇಷ್ಟ?"

ಹೆರ್ಮಿನೆ ಅವಳನ್ನು ನೋಡಿದಳು, ಎರ್ನಾಳ ಕಲ್ಲನ್ನು ನೋಡಿದಳು.

"ಯಾವ್ದಾದ್ರೂ ತಗೊಂಡು ಬಾ ಮಗಳೇ. ಅವಳದ್ದಕ್ಕಿಂತ ಒಂದು ಕೈ ಮೇಲಿರ್ಲಿ, ಅಷ್ಟೇ. ಇಲ್ಲಾಂದ್ರೆ ನನ್ನ ಬಾಯಿ ಅಲ್ಲೂ ಸುಮ್ಮನಿರಲ್ಲ."

ಇಂದುಲಿಸ್ ಎದ್ದು ಕ್ಯಾನು ತೆಗೆದುಕೊಂಡು ಬಾವಿಯ ಕಡೆ ಹೋದ. ತುಂಬಿಕೊಂಡು ಬಂದು, ಸಮಾಧಿಗಳೆರಡರ ನಡುವಿನ ಆ ಹುಲ್ಲಿನ ಪಟ್ಟಿಗೂ ಸ್ವಲ್ಪ ನೀರು ಹಾಕಿದ.